ಅತ್ತೆಯ ಕಾಲಿನ ನಾಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಮೊದಲ ಸಲ ನೋವಿನಿಂದ ನಿಂತದ್ದು ಡೈರಿಗೆ ಹಾಲು ಹಾಕಲು ಹೋಗುವ ದಾರಿಯಲ್ಲಿ ಎಂದು ನನ್ನ ನೆನಪು. ಅಲ್ಲ, ಸಂತೆಯಿಂದ ಬರುವಾಗ ಎನ್ನುತ್ತಾರೆ ನನ್ನ ಗಂಡ. ಅತ್ತೆಯನ್ನೇ ಕೇಳಿದರೆ, "ನಾನೆಲ್ಲಮ್ಮಿ ನಿಂತೆ? ನೀವೇ ನಿಂತ್ಕಂಡು ನೋಡಿರ್ಬೇಕು" ಎಂದು ನಗುತ್ತಾರೆ. ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವಳು, ಬಂಗಾರಪೇಟೆಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಒಂದು ಘಟನೆಗೆ ಹತ್ತಿರದ ಸಾಕ್ಷಿ ಸಿಕ್ಕಷ್ಟೂ ನಿಜ ಗಟ್ಟಿಯಾಗುತ್ತದೆ ಎಂದು ಹುಡುಗರಿಗೆ ಹೇಳುತ್ತೇನೆ. ನಮ್ಮ ಮನೆಯ ಒಂದೇ ಒಂದು ವರ್ಷದ ಮಟ್ಟಿಗೆ ಅದು ಸುಳ್ಳಾಯಿತು. ದಿನಚರಿ ಬರೆಯುವ ಅಭ್ಯಾಸವಿದ್ದರೂ ಉಪಯೋಗವಾಗಲಿಲ್ಲ. ಮುಖ್ಯವಾದ ದಿನಗಳಲ್ಲಿ ನಾನು ಏನನ್ನೂ ಬರೆದಿಲ್ಲ.

ಆದ್ದರಿಂದ ನನಗೆ ನೆನಪಿರುವ ಹಾಗೆ ಹೇಳುತ್ತೇನೆ.

ಎಂಬತ್ತೆಂಟರ ಬೇಸಿಗೆ. ನಮ್ಮದು ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ. ಬೆಳಿಗ್ಗೆ ನಾನು ಬಸ್ಸಿಗೆ, ಅತ್ತೆ ಡೈರಿಗೆ, ಇಬ್ಬರೂ ಒಟ್ಟಿಗೆ ಮನೆ ಬಿಡುತ್ತಿದ್ದೆವು. ಕೋರಮಂಡಲ್‌ನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವ ನನ್ನ ಗಂಡ ಅಷ್ಟರಲ್ಲಿ ಮೊದಲ ಶಿಫ್ಟಿಗೆ ಹೋಗಿಬಿಟ್ಟಿರುತ್ತಿದ್ದರು. ಅತ್ತೆಯ ನಡಿಗೆ ಯಾವಾಗಲೂ ನನಗಿಂತ ಬಿರುಸು. ಹಾಲಿನ ಕ್ಯಾನು ಹಿಡಿದೇ ನನ್ನನ್ನು ಹಿಂದೆ ಹಾಕುವವರು. ಆ ದಿನ ಹುಣಸೇಮರ ದಾಟುವ ಮುಂಚೆ ಅವರ ಹೆಜ್ಜೆ ಸಪ್ಪಳ ನಿಂತಿತು. ತಿರುಗಿ ನೋಡಿದೆ. ಕ್ಯಾನು ನೆಲದ ಮೇಲಿತ್ತು. ಅತ್ತೆ ಬಗ್ಗಿ ಬಲಗಾಲಿನ ಮೀನಖಂಡವನ್ನು ಅಮುಕುತ್ತಿದ್ದರು.

"ಏನಾಯ್ತತ್ತೆ?"

"ಏನಿಲ್ಲ. ಮೀನಖಂಡ ಹಿಡ್ಕಂಡ್ತು. ನೀನು ಓಗು, ಬಸ್ಸು ತಪ್ತದೆ."

ಸ್ವಲ್ಪ ಹೊತ್ತು ನಿಂತರು. ನೋವು ಹೋಯಿತು. ಕ್ಯಾನು ಎತ್ತಿಕೊಂಡು ನಡೆದರು. ಏರು ಸಿಕ್ಕಾಗ ಮತ್ತೆ ಅದೇ ನೋವು, ಅದೇ ನಿಲ್ಲುವುದು.

ಅರವತ್ತು ದಾಟಿದ ಮೈ, ಹೊಲದ ಕೆಲಸ, ಸವೆದ ಚಪ್ಪಲಿ: ಕಾರಣಗಳಿಗೆ ಬರವಿರಲಿಲ್ಲ. ಅತ್ತೆಗೆ ಬಿ.ಪಿ. ಇರುವುದು ಮೊದಲೇ ಗೊತ್ತಿತ್ತು. ಮಾವನಿಗೂ ಇತ್ತು. ಇಬ್ಬರ ಮಾತ್ರೆಯೂ ಒಂದೇ ಡಬ್ಬಿಯಲ್ಲಿ, ದೇವರ ಗೂಡಿನ ಪಕ್ಕ. ತಲೆ ತಿರುಗಿದ ದಿನ ಅತ್ತೆ ಒಂದು ನುಂಗುವರು, ತಿರುಗದ ದಿನ ಬಿಡುವರು. ತಿಂಗಳ ಕೊನೆಗೆ ಡಬ್ಬಿ ಅಲುಗಿಸಿ, "ನೋಡು, ಎಷ್ಟು ಉಳಿಸಿವ್ನಿ" ಎಂದು ನನಗೆ ತೋರಿಸುವರು. ಊಟವಾದ ಮೇಲೆ ಎಲೆ ಅಡಿಕೆ, ಅದರೊಳಗೊಂದು ಚಿಟಿಕೆ ಕಡ್ಡಿಪುಡಿ ಹೊಗೆಸೊಪ್ಪು. ಇವಕ್ಕೂ ಕಾಲಿಗೂ ಸಂಬಂಧ ಇರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾಲು ಕಾಲೇ, ಬಿ.ಪಿ. ತಲೆಗೆ ಸೇರಿದ್ದು.

ಮಳೆ ಹಿಡಿಯುವ ಹೊತ್ತಿಗೆ ಬೆರಳಿನ ಹುಣ್ಣು ಶುರುವಾಯಿತು.

ಬಲಗಾಲಿನ ಎರಡನೆಯ ಬೆರಳು. ಕಾಲುಂಗುರದ ಅಡಿಯಲ್ಲಿ ಸಣ್ಣ ಗಾಯ, ಸುತ್ತ ನೇರಳೆ ಬಣ್ಣ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಉಂಗುರ ಕಚ್ಚಿದೆ. ನಮ್ಮ ಕಡೆಯ ಹೆಂಗಸರಿಗೆ ಇದು ಹೊಸದಲ್ಲ. ಮದುವೆಯ ದಿನ ಬೆರಳಿಗೆ ಸೇರಿದ ಬೆಳ್ಳಿಯ ಸುತ್ತು ಗಂಡ ಇರುವವರೆಗೆ ಹೊರಗೆ ಬರುವಂತಿಲ್ಲ. ಬೆರಳು ದಪ್ಪಗಾದರೆ ಬೆರಳೇ ಹೊಂದಿಕೊಳ್ಳಬೇಕು. ಹಾಗಾಗಿ ಕಪ್ಪಾಗುತ್ತಿದ್ದ ಬೆರಳಿಗೆ ನಾವು ಮೊದಲು ಕರೆಸಿದ್ದು ಡಾಕ್ಟರನ್ನಲ್ಲ, ಬೆಳ್ಳಿ ಕೆಲಸದ ಆಚಾರಿಯನ್ನು. ಆತ ಜಗಲಿಯ ಮೇಲೆ ಕೂತು, ಉಂಗುರವನ್ನು ಬೆರಳಿನಲ್ಲೇ ಬಿಟ್ಟು, ಸಣ್ಣ ಇಕ್ಕಳದಿಂದ ಅದರ ಸುತ್ತನ್ನು ಅಗಲ ಮಾಡಿದ.

"ಬೆರಳು ದಪ್ಪ ಆಯ್ತಾ ಅಕ್ಕ, ಉಂಗ್ರ ಸಣ್ಣ ಆಯ್ತಾ?"

"ನಿಮ್ಮಪ್ಪ ಮಾಡಿದ್ದು ಕಣಪ್ಪ ಇದು. ಬೆಳ್ಳಿ ಕಮ್ಮಿ ಆಕವ್ನೆ ಅಂತ ನಾನು ಅವತ್ತೇ ಅಂದಿದ್ದೆ."

ಎಲ್ಲರೂ ನಕ್ಕೆವು. ಉಂಗುರ ಸಡಿಲವಾಯಿತು. ಗಾಯ ಮಾಯಲಿಲ್ಲ. ಅರಿಶಿನ ಹಚ್ಚಿ ಬಟ್ಟೆ ಸುತ್ತಿದೆವು. ಆ ಪಾದ ಮಾತ್ರ ತಣ್ಣಗಿರುತ್ತದೆ ಎಂದು ಅತ್ತೆ ಸಂಜೆ ಹೊತ್ತು ಅದನ್ನು ಒಲೆಯ ಬಾಯಿಗೆ ಚಾಚಿ ಕೂರತೊಡಗಿದರು. ಒಂದೇ ಕಾಲು ಏಕೆ ತಣ್ಣಗಿರಬೇಕು ಎಂದು ನಾನು ಆಗ ಯೋಚಿಸಿದೆನೋ, ಈಗ ಬರೆಯುವಾಗ ಯೋಚಿಸಿ ಆಗಿನದೆಂದು ಅಂದುಕೊಳ್ಳುತ್ತಿದ್ದೇನೋ, ನಿಜಕ್ಕೂ ಗೊತ್ತಿಲ್ಲ.

ಡಾಕ್ಟರ ಹತ್ತಿರ ಹೋದದ್ದು ಕಾಲಿಗಾಗಿ ಅಲ್ಲ. ಉಳಿಸಿದ ಮಾತ್ರೆಗಳೂ ಮುಗಿದಿದ್ದವು, ಅಷ್ಟೇ. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಒಬ್ಬ ಹೊಸ ಡಾಕ್ಟರು ಬಂದಿದ್ದಾರೆ, ಗುರುವಾರ ಬಿ.ಪಿ. ಇರುವವರನ್ನು ಮಾತ್ರ ನೋಡುತ್ತಾರೆ ಎಂದು ನಮ್ಮ ಕಾಲೇಜಿನಲ್ಲಿ ಕೇಳಿದ್ದೆ. ಅತ್ತೆಯನ್ನೂ ಮಾವನನ್ನೂ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟರೆ ವಿಚಿತ್ರ ನೋಟ. ಬೆಂಚಿನ ಮೇಲೆ ಕೂತವರೆಲ್ಲ ಬರಿಗಾಲಲ್ಲಿದ್ದರು. ಚಪ್ಪಲಿ, ಶೂ, ಸಾಕ್ಸುಗಳ ಒಂದು ಸಾಲು ಗೋಡೆಗುಂಟ ಇತ್ತು. ಗಣಿಯಿಂದ ನಿವೃತ್ತರಾದವರಂತೆ ಕಂಡ ಒಬ್ಬ ಹಿರಿಯರು ಶೂ ಬಿಚ್ಚಲು ಒಪ್ಪದೆ ಸಿಸ್ಟರ್ ಜೊತೆ ತಮಿಳು ಬೆರೆತ ಕನ್ನಡದಲ್ಲಿ ವಾದಕ್ಕಿಳಿದಿದ್ದರು.

"ಬಿ.ಪಿ. ಕೈಯಲ್ಲಿ ದಾನೇ ಸಿಸ್ಟರ್ ನೋಡೋದು? ಕಾಲು ಯಾಕೆ?"

"ಕೈ ನಿಮ್ದು, ಕಾಲು ಪಕ್ಕದ ಮನೆಯವ್ರದಾ ಅಂಕಲ್? ಎರಡಕ್ಕೂ ಒಂದೇ ರಕ್ತ ದಾನೇ. ಬಿಚ್ಚಿ, ಬಿಚ್ಚಿ."

ಹಿರಿಯರು ಗೊಣಗುತ್ತ ಲೇಸು ಬಿಚ್ಚಿದರು. ಅವರ ಸಾಕ್ಸಿನಲ್ಲಿ ತೂತಿತ್ತು. ವಾದದ ಕಾರಣ ಅದಿರಬೇಕು.

ನಮ್ಮ ಸರದಿ ಬಂದಾಗ ಮಾವ ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದರು. ಡಾಕ್ಟರು ನನಗಿಂತ ಚಿಕ್ಕವರಿರಬೇಕು. ಅತ್ತೆಯ ಎರಡೂ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಜಾಸ್ತಿ ಇತ್ತು. ಆಮೇಲೆ ಕುರ್ಚಿಯಿಂದ ಎದ್ದು, ಅತ್ತೆ ಕೂತಿದ್ದ ಮಂಚದ ಕಾಲ ತುದಿಗೆ ಹೋಗಿ, ಬಗ್ಗಿ ಎರಡೂ ಕೈಯಿಂದ ಅತ್ತೆಯ ಪಾದ ಮುಟ್ಟಿದರು.

ಅತ್ತೆ ತಟ್ಟನೆ ಕಾಲು ಎಳೆದುಕೊಂಡರು. "ಬ್ಯಾಡಪ್ಪ, ಬ್ಯಾಡ ಬ್ಯಾಡ! ಅಷ್ಟೊಂದು ಓದಿರೋನು ನನ್ನ ಕಾಲು ಮುಟ್ತೀಯಾ?"

"ಮುಟ್ಟಲೇಬೇಕಮ್ಮ. ಇದು ಪರೀಕ್ಷೆ."

ಬೇರೆ ದಾರಿ ಕಾಣದೆ ಅತ್ತೆ ಕಾಲು ಚಾಚಿದರು. ಚಾಚಿ, ಡಾಕ್ಟರ ಬಗ್ಗಿದ ತಲೆಯ ಮೇಲೆ ಕೈಯಿಟ್ಟು, "ನೂರು ಕಾಲ ಬಾಳಪ್ಪ, ಮಕ್ಳುಮರಿ ಆಗ್ಲಿ" ಎಂದರು.

"ಇನ್ನೂ ಮದುವೆಯೇ ಆಗಿಲ್ಲಮ್ಮ."

"ಆಗ್ತದೆ ಬಿಡು. ಕಾಲು ಇಡ್ಕಂಡಿದ್ದೀಯಲ್ಲ, ಒಂದು ಎಣ್ಣು ನಾನೇ ನೋಡ್ತೀನಿ."

ಸಿಸ್ಟರ್ ನಗು ತಡೆಯಲಾರದೆ ಬಾಗಿಲ ಕಡೆ ತಿರುಗಿದರು. ಗುರುವಾರ ಪೂರ್ತಿ ಡಾಕ್ಟರಿಗೆ ಹೀಗೇ ಆಗುತ್ತದಂತೆ, ಮುಟ್ಟಿದ ಪ್ರತಿ ಕಾಲಿನಿಂದಲೂ ಒಂದು ಆಶೀರ್ವಾದ. ಡಾಕ್ಟರು ನಗುತ್ತಲೇ ಬೆರಳುಗಳನ್ನು ಎಡಪಾದದ ಮೇಲಿಟ್ಟರು, ಆಮೇಲೆ ಕಾಲಿನ ಹರಡಿನ ಒಳಮೂಳೆಯ ಹಿಂಬದಿಗೆ. ತಲೆಯಾಡಿಸಿದರು. ಬಲಪಾದಕ್ಕೆ ಬಂದರು. ಅಲ್ಲಿ ಬೆರಳು ಜಾಗ ಬದಲಿಸಿತು. ಮತ್ತೆ ಬದಲಿಸಿತು. ಅವರ ನಗು ನಿಂತಿತು. ಕಣ್ಣು ಮುಚ್ಚಿ, ಉಸಿರು ಹಿಡಿದು ಹುಡುಕಿದರು.

ಬಲಪಾದದಲ್ಲಿ ನಾಡಿ ಸಿಗಲಿಲ್ಲ.

ಅವರು ಬೆರಳಿನ ಬಟ್ಟೆ ಬಿಚ್ಚಿಸಿದರು. ಗಾಯ ನೋಡಿದರು. ನಡೆಯುವಾಗ ನೋವು ಬರುತ್ತದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

"ನಡೆದ್ರೆ ಬತ್ತದೆ, ನಿಂತ್ರೆ ಓಗ್ತದೆ. ಕೆಲ್ಸ ಕಂಡ್ರೆ ಬರೋ ಮೈಗಳ್ಳ ನೋವು ಕಣಪ್ಪ ಅದು."

ಡಾಕ್ಟರು ಬೀರುವಿನಿಂದ ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತೆಗೆದರು. ಅದಕ್ಕೆ ಪೆನ್ನಿನಂಥ ಒಂದು ಕಡ್ಡಿ, ನಡುವೆ ತಂತಿ. ಡಾಪ್ಲರ್ ಎಂದರು. ತೋಳಿಗೆ ತಣ್ಣನೆಯ ಜೆಲ್ ಹಚ್ಚಿ ಕಡ್ಡಿಯನ್ನು ಇಟ್ಟಾಗ ಪೆಟ್ಟಿಗೆಯೊಳಗಿಂದ ಹಿಟ್ಟಿನ ಗಿರಣಿಯ ಬೆಲ್ಟು ಸುತ್ತುವ ಹಾಗೆ ಸದ್ದು ಬಂತು. ಅದು ರಕ್ತದ ಸದ್ದು. ಅತ್ತೆ ಕಣ್ಣರಳಿಸಿದರು. ಎಡಪಾದದಲ್ಲೂ ಅದೇ ಗಿರಣಿ. ಬಲಪಾದದಲ್ಲಿ ಬಹಳ ಹೊತ್ತು ಬರೀ ಗೊರಗೊರ. ಕೊನೆಗೆ ಎಲ್ಲೋ ದೂರದ ಕಣದಲ್ಲಿ ಯಾರೋ ರಾಗಿ ಕೇರುವಂಥ ಸಣ್ಣ ಸದ್ದು ಸಿಕ್ಕಿತು.

"ಈ ಕಾಲು ಮಾತಾಡ್ತದೆ," ಎಂದರು ಅತ್ತೆ ಎಡಗಾಲು ತೋರಿಸಿ. "ಆ ಕಾಲು ಮುನಿಸ್ಕಂಡೈತೆ."

ಡಾಕ್ಟರು ಹರಡಿನ ಮೇಲೆ ಬಿ.ಪಿ. ಪಟ್ಟಿ ಸುತ್ತಿ, ಸದ್ದು ನಿಲ್ಲುವವರೆಗೆ ಗಾಳಿ ತುಂಬಿ, ಮೆಲ್ಲಗೆ ಬಿಟ್ಟರು. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರಂತೆ. ಹೆಚ್ಚುಕಡಿಮೆ ಒಂದು ಬರಬೇಕು. ಎಡಗಾಲಿಗೆ ಬಂತು. ಬಲಗಾಲಿಗೆ ಅರ್ಧಕ್ಕಿಂತ ತುಸುವೇ ಮೇಲೆ.

ನನಗೆ ತಲೆಬುಡ ಅರ್ಥವಾಗಲಿಲ್ಲ. "ಬಿ.ಪಿ. ಜಾಸ್ತಿ ಅಂದಿರಿ. ಈಗ ಕಾಲಲ್ಲಿ ಕಡಿಮೆ ಅಂತೀರಿ. ಎರಡೂ ಹೇಗೆ?"

ಅವರು ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು. "ನಿಮ್ಮ ಹೊಲಕ್ಕೆ ಪಂಪ್‌ಸೆಟ್ ಇದೆಯಾ ಅಮ್ಮ? ಪಂಪು ಜೋರಾಗಿ ಹೊಡೀತಿದೆ ಅಂದ್ಕೊಳ್ಳಿ. ವರ್ಷಗಟ್ಟಲೆ ಹೊಡೆದು ಹೊಡೆದು ಪೈಪಿನ ಒಳಗೆ ಪಾಚಿ ಕಟ್ಟಿದೆ. ಪಂಪಿನ ಹತ್ತಿರ ಒತ್ತಡ ಜಾಸ್ತಿ. ಪೈಪಿನ ಆಚೆ ತುದಿಯಲ್ಲಿ?"

"ಕೊನೇ ಪಾತಿಗೆ ನೀರು ಓಗಲ್ಲ," ಎಂದರು ಅತ್ತೆ.

ಆಮೇಲೆ ತಮ್ಮ ಬೆರಳನ್ನು ನೋಡಿಕೊಂಡರು.

ಕಾಯಿಲೆಯ ಹೆಸರು ಪೆರಿಫೆರಲ್ ಆರ್ಟರಿ ಡಿಸೀಸ್. ಬಿ.ಪಿ. ಇರುವವರಲ್ಲಿ, ಹೊಗೆಸೊಪ್ಪು ಇರುವವರಲ್ಲಿ ಕಾಲಿನ ರಕ್ತನಾಳಗಳು ಸದ್ದಿಲ್ಲದೆ ಕಟ್ಟಿಕೊಳ್ಳಬಹುದು. ಎಷ್ಟೋ ಜನಕ್ಕೆ ನೋವೂ ಬರುವುದಿಲ್ಲ. ಬಂದವರು ವಯಸ್ಸೆಂದು ಸುಮ್ಮನಿರುತ್ತಾರೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಅದಕ್ಕೇ ತಾನು ಕೇಳದೆ ನೇರ ಕಾಲನ್ನೇ ನೋಡುವುದು ಎಂದರು ಡಾಕ್ಟರು. ಕಾಲಿನ ನಾಳ ಕಟ್ಟಿದ್ದರೆ ಹೃದಯದ್ದೂ ಮಿದುಳಿನದ್ದೂ ಕಟ್ಟುತ್ತಿರಬಹುದು, ಕಾಲು ಮೊದಲೇ ಸುದ್ದಿ ಕೊಡುತ್ತದೆ ಅಷ್ಟೇ ಎಂದೂ ಹೇಳಿದರು. ಈ ಕೊನೆಯ ಮಾತು ಅವತ್ತಿನದೋ ಇನ್ನೊಂದು ಗುರುವಾರದ್ದೋ ಹೇಳಲಾರೆ.

"ಕಾಲು ಕುಯ್ತಾರಾ?" ಅತ್ತೆ ಕೇಳಿದರು. ಹೊಲ ಮಾರುತ್ತೀರಾ ಎಂದು ಕೇಳಿದಷ್ಟು ಸಲೀಸಾಗಿ.

"ಇವತ್ತೇ ಹೇಳೋಕಾಗಲ್ಲಮ್ಮ. ಗಾಯ ಒಣಗಿದರೆ ಇಲ್ಲ. ಕಪ್ಪು ಮೇಲಕ್ಕೆ ಹತ್ತಿದರೆ ಬೆಂಗಳೂರಿಗೆ ಕಳಿಸ್ತೀನಿ. ಅಲ್ಲಿ ಏನು ಮಾಡ್ತಾರೆ ಅಂತ ನಾನು ಭರವಸೆ ಕೊಡಲ್ಲ. ಮೊದಲು ಈ ಉಂಗುರ ತೆಗೀಬೇಕು. ಬೆರಳು ಊದಿಕೊಂಡರೆ ಇರೋ ಚೂರು ರಕ್ತಾನೂ ನಿಲ್ಲುತ್ತೆ."

"ಅದು ಆಗಾಕಿಲ್ಲ."

ಕಾಲು ಕೊಯ್ಯುವ ಮಾತಿಗೆ ಅಲುಗದವರು ಈ ಮಾತಿಗೆ ಮಂಚದಿಂದ ಇಳಿದೇಬಿಟ್ಟರು. ನಾನು ಸಮಾಧಾನ ಹೇಳಿದೆ. ಇದು ಬರೀ ಬೆಳ್ಳಿ ಅತ್ತೆ, ವಾಸಿಯಾದ ಮೇಲೆ ಹಾಕಿಕೊಳ್ಳಬಹುದು, ಏನೂ ಆಗುವುದಿಲ್ಲ. ಸಿಸ್ಟರ್, "ಪಯಪ್ಪಡಾದೀಂಗ ಪಾಟಿ, ಹೆದರಬೇಡಿ ಅಜ್ಜಿ, ಎರಡು ನಿಮಿಷದ ಕೆಲಸ" ಎಂದು ಭುಜ ಹಿಡಿದರು. ಅತ್ತೆ ಯಾರ ಮಾತಿಗೂ ಜಗ್ಗಲಿಲ್ಲ. "ಕಾಲು ಬೇಕಾದ್ರೆ ತಗಳ್ರಿ. ಯಜಮಾನ್ರು ಇರೋತಂಕ ಉಂಗ್ರ ತೆಗೆಯಂಗಿಲ್ಲ. ಅವ್ರಿಗೇನಾದ್ರೂ ಆದ್ರೆ ನಿಮ್ಮ ಮಿಸನ್ನು ಬತ್ತದಾ?"

ಅವರ ಕಣ್ಣಲ್ಲಿ ನೀರು ಬಂದಿತ್ತು. ಅದು ತಮಾಷೆಯ ನಂಬಿಕೆಯಾಗಿರಲಿಲ್ಲ. ಅವರು ನಿಜವಾಗಿಯೂ ಒಂದು ಕಾಲನ್ನೂ ಒಬ್ಬ ಮನುಷ್ಯನನ್ನೂ ತೂಗಿ ನೋಡಿ ಮನುಷ್ಯನನ್ನು ಆರಿಸಿಕೊಂಡಿದ್ದರು.

ಗಲಾಟೆ ಕೇಳಿ ಮಾವ ಒಳಗೆ ಬಂದರು. ಡಾಕ್ಟರು ಎರಡೇ ಮಾತಿನಲ್ಲಿ ವಿಷಯ ಹೇಳಿದರು. ಮಾವ ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ಕುಂತ್ಕೊಳೇ."

"ನೀವು ಸುಮ್ಕಿರಿ. ಎಂಗಸ್ರ ಇಚಾರ ಇದು."

"ಎಂಗಸ್ರ ಇಚಾರ ಎಂಗಾಯ್ತದೆ? ಮದ್ವೇಲಿ ಒಳಕಲ್ಲಿನ ಮ್ಯಾಕೆ ನಿನ್ ಕಾಲಿಟ್ಟು ಉಂಗ್ರ ಆಕಿದ್ದು ಯಾರು? ನಿಮ್ಮಪ್ಪಾನಾ? ನಾನು. ಆಕಿದೋನು ನಾನು, ತೆಗೆಯೋನೂ ನಾನು. ಸತ್ತಿದ್ರೆ ತಾನೆ ಬೇರೆಯೋರು ತೆಗೆಯೋದು? ಇಲ್ಲೇ ಗುಂಡುಕಲ್ಲಂಗೆ ನಿಂತಿವ್ನಲ್ಲ."

ಅತ್ತೆ ಮತ್ತೆ ಮಂಚ ಹತ್ತಿ ಕೂತರು.

ಮಾವ ನೆಲದ ಮೇಲೆ ಕೂತರು. ಸಿಸ್ಟರ್ ಸೋಪಿನ ನೊರೆ ತಂದುಕೊಟ್ಟರು. ಎಡಗೈಯಲ್ಲಿ ಹೆಂಡತಿಯ ಹಿಮ್ಮಡಿ ಹಿಡಿದು, ಬಲಗೈಯಲ್ಲಿ ಉಂಗುರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ, ಗಾಯಕ್ಕೆ ತಾಗದ ಹಾಗೆ ಹೊರಗೆ ತಂದರು. ಕರುವಿನ ಕಾಲಿಗೆ ಸಿಕ್ಕಿದ ಮುಳ್ಳು ತೆಗೆಯುವಾಗ ಅವರ ಮುಖ ಹೀಗಿರುವುದನ್ನು ನೋಡಿದ್ದೆ. ಹೊರಗೆ ಬಂದ ಉಂಗುರವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಬದುಕಿವ್ನಾ ನೋಡು" ಎಂದು ಅತ್ತೆಗೆ ಕೈ ಚಾಚಿದರು. ಅತ್ತೆ ಆ ಕೈಗೊಂದು ಏಟು ಕೊಟ್ಟರು.

ಈ ಮಾತುಗಳೆಲ್ಲ ಹೀಗೇ ಇದ್ದವೇ? ಮಾವನ ಮಾತಿಗೆ ನಾನು ಸ್ವಲ್ಪ ಅಂದ ಸೇರಿಸಿರಬಹುದು. ಆ ಕ್ಷಣದಿಂದ ಮಾವನನ್ನು ಎಷ್ಟು ಮೆಚ್ಚಿಕೊಂಡೆನೆಂದರೆ ನನ್ನ ಸಾಕ್ಷ್ಯವನ್ನು ನಾನೇ ನಂಬಲಾರೆ. ಒಳಕಲ್ಲಿನ ಮಾತು ಮಾತ್ರ ಖಂಡಿತ. ಡಾಕ್ಟರು ಅದನ್ನು ಆಮೇಲೆ ಎಷ್ಟೋ ಸಲ ಬೇರೆ ಗಂಡಂದಿರಿಗೆ ಹೇಳುವುದನ್ನು ಕೇಳಿದ್ದೇನೆ.

ಆಮೇಲಿನ ದಿನಗಳಿಗೆ ಆಕಾರವಿಲ್ಲ. ಬೆಳಿಗ್ಗೆ ಗಾಯ ತೊಳೆದು ಡ್ರೆಸಿಂಗ್. ಆಸ್ಪಿರಿನ್. ಬಿ.ಪಿ. ಮಾತ್ರೆ, ತಪ್ಪದೆ, ಉಳಿಸದೆ. ಒಲೆಯ ಶಾಖ ಕೂಡದು, ಬಿಸಿನೀರು ಕೂಡದು. ರಕ್ತ ಕಡಿಮೆ ಇರುವ ಚರ್ಮ ಸುಟ್ಟದ್ದು ತಿಳಿಯದೇ ಹೋಗಬಹುದು. ಹಾಲು ಕರೆಯುವುದು ಮಾವನ ಪಾಲಿಗೆ ಬಂತು. ಹಸು ಒದೆಯಿತು. ಮಾವನ ಕೈ ಅದಕ್ಕೆ ಒಗ್ಗಲಿಲ್ಲ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಸುವಿಗೂ ಮಾವನಿಗೂ ಒಟ್ಟಿಗೆ ಬುದ್ಧಿ ಹೇಳುವರು. ಯಾವ ಮಾತು ಯಾರಿಗೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ನಾನು ದಿನವೂ ಬಟ್ಟೆ ಬಿಚ್ಚಿ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನೇರಳೆ ಬಣ್ಣ ನಿನ್ನೆಗಿಂತ ಮೇಲೆ ಹತ್ತಿದೆಯೇ, ಇಲ್ಲವೇ? ಕೆಲವು ಬೆಳಿಗ್ಗೆ ಹತ್ತಿದೆ ಎಂದೇ ಅನಿಸಿತು. ಗಂಡನನ್ನು ಕರೆದು ತೋರಿಸಿದರೆ ಅವರಿಗೆ ಹಾಗೆ ಕಾಣಲಿಲ್ಲ. ನಿನ್ನೆಯ ಬೆರಳು ನೆನಪಿನಲ್ಲಿ ಮಾತ್ರ ಇರುತ್ತದೆ, ನನ್ನ ನೆನಪು ಹೆದರಿದಾಗ ಕಪ್ಪನ್ನೇ ಹೆಚ್ಚು ಮಾಡಿ ತೋರಿಸುತ್ತದೆ. ಅತ್ತೆ ನನ್ನ ಮುಖ ನೋಡಿ ತಿಳಿದುಕೊಳ್ಳುವರು. "ಏನಮ್ಮಿ, ಬೆಂಗ್ಳೂರಾ?" "ಇಲ್ಲತ್ತೆ." "ಅಂಗಾದ್ರೆ ಕಾಪಿ ಮಾಡು."

ಹೊಗೆಸೊಪ್ಪು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಊಟದ ನಂತರ ಅವರ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಗುತ್ತಿತ್ತು. ಚೀಲದಲ್ಲಿ ಈಗ ಲವಂಗ. ಸಿಟ್ಟು ಮೂಗಿನ ತುದಿಯಲ್ಲಿ. ಪಾತ್ರೆ, ಕೋಳಿ, ರೇಡಿಯೋ, ನಾನು, ಎಲ್ಲರಿಗೂ ಬೈಗುಳ. ಒಂದು ಮಧ್ಯಾಹ್ನ ಪಕ್ಕದ ಮನೆಯವರು ಪ್ರೀತಿಯಿಂದಲೇ ಒಂದು ಚಿಟಿಕೆ ಕಡ್ಡಿಪುಡಿ ಚಾಚಿದರು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಆಳವಾಗಿ ವಾಸನೆ ಎಳೆದುಕೊಂಡು, ಹಿಂದಕ್ಕೆ ಕೊಟ್ಟರು. "ಕೊನೇ ಪಾತಿ ಒಣಗ್ತದೆ ಕಣಕ್ಕ" ಎಂದರು. ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದೇ ಸಲ ಕೇಳಿದ ವಿವರಣೆಯನ್ನು ಅಕ್ಷರ ಬಾರದ ಅತ್ತೆಯ ಹಾಗೆ ದಿನವೂ ಮೈಯಲ್ಲಿ ನಡೆಸಿಕೊಂಡು ಹೋಗುವ ಶಕ್ತಿ ನನ್ನಲ್ಲಿದೆಯೇ ಎಂದು ಕೇಳಿಕೊಂಡೆ. ಇದೆ ಎಂದು ಹೇಳಲು ನನ್ನ ಬಳಿ ಪುರಾವೆ ಇಲ್ಲ.

ದಸರಾ ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗಾಯದ ಅಂಚಿನಲ್ಲಿ ಎಳೆ ಚರ್ಮ ಕಂಡಿತು. ಸೀಬೆಹಣ್ಣಿನ ಒಳಗಿನ ಬಣ್ಣ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಬೆಂಗಳೂರು ಬೇಡ" ಎಂದರು.

ಗಾಯ ಪೂರ್ತಿ ಮುಚ್ಚಿದ ಮೇಲೆ ಅವರು ಕೊಟ್ಟ ಮುಂದಿನ ಔಷಧಿ ನಡಿಗೆ. ನೋವು ಬರುವವರೆಗೆ ನಡೆಯಬೇಕು. ಬಂದ ಮೇಲೂ ಸ್ವಲ್ಪ ತಡೆದುಕೊಂಡು, ಆಮೇಲೆ ನಿಲ್ಲಬೇಕು. ಹೋದ ಮೇಲೆ ಮತ್ತೆ ನಡೆಯಬೇಕು. ದಿನವೂ. ಮುಚ್ಚಿದ ದಾರಿಯ ಪಕ್ಕದಲ್ಲಿ ರಕ್ತ ಸಣ್ಣ ಸಣ್ಣ ಕಾಲುದಾರಿ ಮಾಡಿಕೊಳ್ಳುತ್ತದೆ, ಕಾಲಿನ ಸ್ನಾಯು ಸಿಕ್ಕಿದ್ದರಲ್ಲೇ ಸಂಸಾರ ಮಾಡಲು ಕಲಿಯುತ್ತದೆ ಎಂದರು.

ಇಲ್ಲಿ ಯಾರೂ ಎಣಿಸದ ತೊಡಕೊಂದು ಬಂತು. ನಮ್ಮೂರಲ್ಲಿ ಯಾವ ಹೆಂಗಸೂ ಸುಮ್ಮನೆ ನಡೆಯುವುದಿಲ್ಲ. ತಲೆಯ ಮೇಲೆ ಹುಲ್ಲಿರಬೇಕು, ಸೊಂಟದಲ್ಲಿ ಬಿಂದಿಗೆ ಇರಬೇಕು, ಕೈಯಲ್ಲಿ ಕುಡುಗೋಲಾದರೂ ಇರಬೇಕು. ಬರಿಗೈಯಲ್ಲಿ ಕೆರೆ ಏರಿಯವರೆಗೆ ಹೋಗಿ ಬರಿಗೈಯಲ್ಲಿ ವಾಪಸು ಬರುವವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಇಲ್ಲವೇ ಸೊಸೆಯ ಮೇಲೆ ಕೆಲಸ ಹೊರಿಸಿ ಮೆರೆಯುತ್ತಾಳೆ ಎನ್ನುತ್ತಾರೆ. ಮೊದಲ ದಿನವೇ ಬೇಲಿಯಾಚೆಯಿಂದ ಕೇಳಿಬಂತು:

"ಏನಕ್ಕೋ, ಮದ್ವೆ ದಿಬ್ಬಣ ಎದುರುಗೊಳ್ಳಾಕೆ ಒಂಟಿದ್ದೀಯಾ?"

ಅತ್ತೆ ಅರ್ಧ ದಾರಿಗೇ ತಿರುಗಿ ಬಂದುಬಿಟ್ಟರು. ಕಾಲು ಉಳಿಸಿಕೊಂಡ ಮನೆ ಈಗ ನಾಚಿಕೆಗೆ ಅದನ್ನು ಕಳೆದುಕೊಳ್ಳುತ್ತದೇನೋ ಎಂದು ನನಗೆ ದಿಗಿಲಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ಅಂಗಳದಲ್ಲಿ ಸಿದ್ಧರಾಗಿ ನಿಂತಿದ್ದಾರೆ. ಕೈಯಲ್ಲಿ ಹಾಲಿನ ಕ್ಯಾನು.

"ಹಾಲು ಮಾವ ಹಾಕಿ ಬಂದರಲ್ಲ ಅತ್ತೆ?"

"ಇದು ಖಾಲಿ. ಖಾಲಿ ಅಂತ ಯಾರು ಮುಚ್ಚಳ ತೆಗೆದು ನೋಡ್ತಾರೆ?"

ಹೀಗೆ ಆ ಚಳಿಗಾಲವೆಲ್ಲ ಅತ್ತೆ ಖಾಲಿ ಕ್ಯಾನು ಹಿಡಿದು ನಡೆದರು. ಹುಣಸೇಮರ, ಪಂಚಾಯ್ತಿ ಬಾವಿ, ಕೆರೆ ಏರಿ. ನೋವು ಬಂದಲ್ಲಿ ಕ್ಯಾನು ಕೆಳಗಿಟ್ಟು, ತೂಕ ಹೆಚ್ಚಾದವರಂತೆ ಕೈ ಬದಲಿಸುವರು. ನಾನು ಬೇರೆ ಯಾರಲ್ಲಾದರೂ ಈ ನಟನೆ ಕಂಡಿದ್ದರೆ ನಗುತ್ತಿದ್ದೆ. ಅತ್ತೆಯಲ್ಲಿ ಅದು ನನಗೆ ಬಹಳ ದೊಡ್ಡದಾಗಿ ಕಂಡಿತು. ಡಾಕ್ಟರಿಗೆ ಹೇಳಿದಾಗ ಅವರು ಬಾಯಿತುಂಬ ನಕ್ಕು, ಸಿಸ್ಟರನ್ನು ಕರೆದು ಇನ್ನೊಮ್ಮೆ ಹೇಳಿಸಿದರು.

ಸಂಕ್ರಾಂತಿ ಕಳೆದ ಮೇಲೆ ಡಾಪ್ಲರ್ ಮತ್ತೆ ಇಟ್ಟರು. ಸಂಖ್ಯೆ ಹೆಚ್ಚೇನೂ ಬದಲಾಗಿರಲಿಲ್ಲ. ನನ್ನ ಮುಖ ಬಾಡಿತು. ಡಾಕ್ಟರು ಸಂಖ್ಯೆಯ ಮೇಲೆ ಬೆರಳಿಟ್ಟು, "ಇದನ್ನು ನೋಡಬೇಡಿ" ಎಂದು ಅತ್ತೆಯ ಕಡೆ ತಿರುಗಿದರು. "ಎಲ್ಲಿವರೆಗೆ ನಡೀತೀರಮ್ಮ ಈಗ?"

"ಏರಿ ದಾಟಿ, ದೇವಸ್ತಾನದ ಮೆಟ್ಲುಗಂಟ."

"ನಿಲ್ಲದೆ?"

"ನಿಲ್ತೀನಿ. ಮಾತಾಡೋಕೆ ಯಾರಾನ ಸಿಕ್ಕಿದ್ರೆ."

ವಾಸಿಯಾಗಿಲ್ಲ ಎಂದು ಅವರು ಪ್ರತಿ ಸಲ ನೆನಪಿಸುತ್ತಾರೆ. ಇದು ವಾಸಿಯಾಗುವುದಲ್ಲ, ಹತೋಟಿಯಲ್ಲಿ ಇಡುವುದು. ಇನ್ನೊಂದು ಗಾಯ, ಮತ್ತೆ ಹೊಗೆಸೊಪ್ಪು, ತಪ್ಪಿದ ಮಾತ್ರೆ, ಯಾವುದರಿಂದಲಾದರೂ ಎಲ್ಲ ಮೊದಲಿಗೆ ಬರಬಹುದು. ನಾನು ಈಗಲೂ ಅತ್ತೆಯ ಬೆರಳುಗಳನ್ನು ದಿನವೂ ನೋಡುತ್ತೇನೆ. ಆದರೂ ಕೃತಜ್ಞತೆ ಎಂಬ ಮಾತನ್ನು ಇಲ್ಲಿ ಬರೆಯಲು ಹಿಂಜರಿಯುವುದಿಲ್ಲ. ಮಾತ್ರೆ ಬರೆದು ಕಳಿಸಬಹುದಾಗಿದ್ದ ಒಬ್ಬ ಯುವಕ ಕುರ್ಚಿಯಿಂದ ಎದ್ದು, ಬಗ್ಗಿ, ಹೊಲದ ಮಣ್ಣು ಮೆತ್ತಿದ ಒಂದು ಪಾದವನ್ನು ಹಿಡಿದು ಅದರಲ್ಲಿ ನಾಡಿ ಹುಡುಕಿದ. ನಮ್ಮ ಪಾಲಿನ ಅದೃಷ್ಟ ಅಷ್ಟೇ ಇದ್ದದ್ದು. ಅದು ಸಾಕಾಯಿತು.

ಅತ್ತೆ ಈಗ ಗುರುವಾರ ಒಬ್ಬರೇ ಹೋಗುವುದಿಲ್ಲ. ಬಿ.ಪಿ. ಇದೆಯೆಂದು ಗೊತ್ತಾದ ಊರಿನ ಹೆಂಗಸರನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಡುತ್ತಾರೆ. ದಾರಿಯುದ್ದಕ್ಕೂ ಪಾಠ: "ಕಾಲು ತೊಳ್ಕಂಡು ಬಂದಿದ್ದೀಯೇನೇ? ಡಾಕ್ಟ್ರು ಮುಟ್ಟಿದಾಗ ಎಳ್ಕಬ್ಯಾಡ. ಸುಮ್ನೆ ಆಸೀರ್ವಾದ ಮಾಡು. ಮದ್ವೆ ಇಚಾರ ಮಾತ್ರ ಎತ್ತಬ್ಯಾಡ, ಅದು ನಾನು ನೋಡ್ಕತೀನಿ."

ಮಾವನೂ ಪ್ರತಿ ಗುರುವಾರ ಜೊತೆಗೆ ಬರುತ್ತಾರೆ. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಾರೆ, ತಮ್ಮ ಮಾತ್ರೆ ತೆಗೆದುಕೊಳ್ಳುತ್ತಾರೆ. ಡಾಕ್ಟರು ಮಂಚ ತೋರಿಸಿದರೆ, "ಮುಂದಿನ ವಾರ ಸ್ವಾಮಿ" ಎನ್ನುತ್ತಾರೆ. ಒಂದು ವಾರ ಹಿಂಡಿ ತರಬೇಕಿತ್ತು, ಒಂದು ವಾರ ಬಸ್ಸು ಹೊರಡುತ್ತಿತ್ತು. ಸಿಸ್ಟರ್, "ತಾತಾ, ನಿಮ್ಮ ಕಾಲೇನು ಬಂಗಾರದ್ದಾ, ತೋರ್ಸೋಕೆ ಹೆದರ್ತೀರಲ್ಲ" ಎಂದು ಕಿಚಾಯಿಸಿದರೂ ಅವರು ಚಪ್ಪಲಿ ಬಿಚ್ಚಿಲ್ಲ. ಬೀಡಿಯನ್ನೂ ಬಿಟ್ಟಿಲ್ಲ.

ಹೋದ ಭಾನುವಾರ ಸಂಜೆ ಮಾವ ಹೊಲದಿಂದ ಬಂದು ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಎಂದಿನ ಹೊತ್ತಿಗಿಂತ ತಡವಾಗಿ ಬಂದಿದ್ದರು. ಅತ್ತೆ ಒಳಗೆ ದೀಪ ಹಚ್ಚುತ್ತಿದ್ದರು. ನಾನು ಚೊಂಬಿನಲ್ಲಿ ನೀರು ಕೊಟ್ಟು, ದನಿ ತಗ್ಗಿಸಿ, ಆ ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಮಾತನ್ನು ಕೇಳಿದೆ. ಅವರು ಉಳಿದ ನೀರನ್ನು ಪಾದದ ಮೇಲೆ ಸುರಿದುಕೊಂಡು, ಚೊಂಬನ್ನು ನನ್ನ ಕೈಗೆ ಕೊಟ್ಟು, ದನಗಳ ಕಡೆ ನಡೆದರು. ಈ ಸಲ ಗಾಬರಿಯಲ್ಲಿ ದಿನಚರಿ ಬಿಡಲಿಲ್ಲ, ಕೇಳಿದ ಮಾತನ್ನು ಕೇಳಿದ ಹಾಗೆಯೇ ಅದೇ ಸಂಜೆ ಬರೆದಿಟ್ಟೆ. ಮುಂದಿನ ಸಾಲು ಇನ್ನೂ ಖಾಲಿ ಇದೆ.

"ಮಾವ, ನಡೆದರೆ ನಿಮ್ಮ ಕಾಲೂ ನೋಯುತ್ತದಾ?"